ಬೆಳಕಿನ ಬೀಗದ ಕೈ

ಕುಮಟೆಯಿಂದ ಕಾರವಾರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಅಂಕೋಲೆಗೆ ಬಂದು, ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲಿಯೇ ಕೇಣಿ. ತೆಂಗಿನ ನೆರಳು, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು, ಬಿಸಿಲಿಗೆ ಹರಡಿದ ಮೀನು, ಒಣಗಲು ಹಾಕಿದ ಬಲೆ—ಕರಾವಳಿಯನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಅಂಕೋಲೆಯ ಹೆಸರು 1930ರ ಉಪ್ಪಿನ ಸತ್ಯಾಗ್ರಹದಿಂದ ನಾಡಿಗೆಲ್ಲ ಪರಿಚಿತವಾಯಿತು. ಕೇಣಿಯ ಹೆಸರು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳತೊಡಗಿದುದು ಈಚೆಗೆ. 2023ರಲ್ಲಿ ಅಲ್ಲಿ ದೊಡ್ಡ ಬಂದರೊಂದನ್ನು ಕಟ್ಟುವ ಹೊಣೆಯನ್ನು ಖಾಸಗಿ ಕಂಪನಿಗೆ ಒಪ್ಪಿಸಿದ ಮೇಲೆ, ಅದಕ್ಕೆ ಮೀನುಗಾರರು ಒಡ್ಡಿದ ವಿರೋಧದ ಸುದ್ದಿಯಿಂದ. ಆದರೆ ಈ ವಾರದ ವಿಷಯ ಬಂದರಿನಷ್ಟು ದೊಡ್ಡದಲ್ಲ. ಇಂಥ ಊರಿನ ಮನೆಯ ಗೋಡೆಯ ಮೇಲೆ ಮೊಳೆ ಹೊಡೆದು ತೂಗುಹಾಕಬಹುದಾದ ಒಂದು ಪುಟ್ಟ ಪೆಟ್ಟಿಗೆಯನ್ನೂ, ಆ ಪೆಟ್ಟಿಗೆಗೆ ಬುದ್ಧಿ ಹೇಳಿಕೊಡುವವರ ಉದ್ಯೋಗವನ್ನೂ ಕುರಿತದ್ದು.

ಉತ್ತರ ಕನ್ನಡ ಜಿಲ್ಲೆಯನ್ನು ವಿದ್ಯುತ್ತಿನ ತವರು ಎಂದರೆ ಉತ್ಪ್ರೇಕ್ಷೆಯಾಗಲಾರದು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳು. ಅದೇ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಅಣು ಘಟಕಗಳು. ಅಲ್ಲಿಯ ಮೊದಲನೆಯ ಘಟಕ 2018ರ ಡಿಸೆಂಬರಿನವರೆಗೆ 962 ದಿನ ಒಂದೇ ಸಮನೆ ನಡೆದು ಆ ಹೊತ್ತಿಗೆ ವಿಶ್ವದಾಖಲೆಯನ್ನೇ ನಿರ್ಮಿಸಿತು. ಅಂಥ ಕಾರ್ಖಾನೆಗಳಲ್ಲಿ ಯಂತ್ರವನ್ನು ನೋಡಿಕೊಳ್ಳುವವರು ಯಂತ್ರದ ಪಕ್ಕದಲ್ಲಿಯೇ ಇರುತ್ತಾರೆ. ಒಂದು ಗುಂಡಿಯನ್ನು ಒತ್ತುವುದಕ್ಕೂ ಕ್ರಮ ಉಂಟು, ಪುಸ್ತಕ ಉಂಟು, ಮೇಲಧಿಕಾರಿಯ ಸಹಿ ಉಂಟು. ಮನೆಯ ಗೋಡೆಯ ಮೇಲಿನ ಸೌರ ಪೆಟ್ಟಿಗೆಯ ಪಕ್ಕದಲ್ಲಿ ಯಾರಿರುತ್ತಾರೆ? ಅಡಿಗೆಮನೆಯಲ್ಲಿ ಕೆಲಸದಲ್ಲಿರುವ ತಾಯಿ, ಪಾಠ ಓದುವ ಮಗು, ಹೆಚ್ಚೆಂದರೆ ಒಂದು ಬೆಕ್ಕು. ಅದನ್ನು ನಡೆಸುವ ಬುದ್ಧಿಯನ್ನು ಬರೆದವರು ಐನೂರು ಕಿಲೋಮೀಟರು ದೂರದ ಬೆಂಗಳೂರಿನ ಯಾವುದೋ ಮಹಡಿಯ ಮೇಲೆ ಕುಳಿತಿರುತ್ತಾರೆ. ಈ ಉದ್ಯೋಗದ ಸ್ವಾರಸ್ಯವೂ ಕಷ್ಟವೂ ಈ ದೂರದಲ್ಲಿಯೇ ಇದೆ.

ಮದುವೆಯ ಮನೆಯಲ್ಲಿ ಹುಡುಗನ ಅಥವಾ ಹುಡುಗಿಯ ಉದ್ಯೋಗ ವಿಚಾರಿಸುವ ಹಿರಿಯರಿಗೆ "ಸಣ್ಣದೊಂದು ಸೋಲಾರ್ ಕಂಪನಿಯಲ್ಲಿ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥರು" ಎಂದು ಹೇಳಿದರೆ ಅವರು ಕ್ಷಣಕಾಲ ಸುಮ್ಮನಾಗುವುದುಂಟು. ದೊಡ್ಡ ಕಂಪನಿಯ ಹೆಸರಾದರೆ ತಿಳಿಯುತ್ತದೆ. ಸೋಲಾರ್ ಎಂದರೂ ತಿಳಿಯುತ್ತದೆ. ಎರಡಕ್ಕೂ ನಂಟೇನು? ಸೂರ್ಯ ಮೂಡುವುದಕ್ಕೆ ಕಂಪ್ಯೂಟರ್ ಬೇಕೆ? ಬೇಡ. ಆದರೆ ಹಗಲಿನ ಸೂರ್ಯನನ್ನು ರಾತ್ರಿಗೆ ಉಳಿಸಿಕೊಳ್ಳುವುದಕ್ಕೆ ಬೇಕು.

ಪೆಟ್ಟಿಗೆಯ ಒಳಗಿನ ಲೆಕ್ಕ

ಮನೆಯ ಸೌರ ದೀಪದ ವ್ಯವಸ್ಥೆಯಲ್ಲಿ ಮುಖ್ಯವಾಗಿ ಮೂರು ಅಂಗಗಳು. ಮಾಡಿನ ಮೇಲಿನ ಫಲಕ ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಬ್ಯಾಟರಿ ಅದನ್ನು ಕೂಡಿಡುತ್ತದೆ. ನಡುವಿನ ನಿಯಂತ್ರಕವೆಂಬ ಪೆಟ್ಟಿಗೆ ಎಷ್ಟನ್ನು ಒಳಗೆ ಬಿಡಬೇಕು, ಎಷ್ಟನ್ನು ಹೊರಗೆ ಕೊಡಬೇಕು ಎಂದು ನಿರ್ಧರಿಸುತ್ತದೆ. ಮನೆಯ ಯಜಮಾನಿತಿ ಅಕ್ಕಿಯ ಡಬ್ಬಿಯನ್ನು ನೋಡಿಕೊಂಡು ತಿಂಗಳನ್ನು ತೂಗಿಸುವಂತೆ ಈ ಪೆಟ್ಟಿಗೆ ಬ್ಯಾಟರಿಯನ್ನು ನೋಡಿಕೊಂಡು ರಾತ್ರಿಯನ್ನು ತೂಗಿಸುತ್ತದೆ.

ಆದರೆ ಅಕ್ಕಿಯ ಡಬ್ಬಿಯ ಮುಚ್ಚಳವನ್ನು ತೆಗೆದು ನೋಡಬಹುದು, ಬ್ಯಾಟರಿಯ ಒಳಗನ್ನು ಹಾಗೆ ನೋಡಲು ಬಾರದು. 12 ವೋಲ್ಟಿನ ಸೀಸದ ಬ್ಯಾಟರಿಯೊಂದು ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧ ಬರಿದಾದಾಗ ಸುಮಾರು 12.2. ತುಂಬಿದುದಕ್ಕೂ ಅರ್ಧಕ್ಕೂ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿನಷ್ಟು ಮಾತ್ರ! ದೀಪ ಉರಿಯುತ್ತಿರುವಾಗ ಈ ಸಂಖ್ಯೆ ಇನ್ನೂ ಕೆಳಗಿಳಿಯುತ್ತದೆ, ಫ್ಯಾನು ಹಾಕಿದರೆ ಮತ್ತಷ್ಟು. ಸಮುದ್ರದ ಉಪ್ಪುಗಾಳಿಗೆ ತಂತಿಯ ಕೊನೆಗೆ ಕಿಲುಬು ಹಿಡಿದಿದ್ದರಂತೂ ಬ್ಯಾಟರಿ ತುಂಬಿದ್ದರೂ ಬರಿದಾದಂತೆ ಕಾಣಬಹುದು. ಇವುಗಳಲ್ಲಿ ನಿಜವಾವುದು, ತೋರಿಕೆಯಾವುದು ಎಂದು ವಿವೇಚಿಸುವ ಕೆಲಸ ಪೆಟ್ಟಿಗೆಯೊಳಗಿನ ತಂತ್ರಾಂಶದ್ದು. ಅದು ಅತಿಯಾಗಿ ಅಂಜಿದರೆ ಬ್ಯಾಟರಿಯಲ್ಲಿ ಶಕ್ತಿಯಿದ್ದೂ ಮನೆ ಕತ್ತಲಾಗುತ್ತದೆ. ಅತಿಯಾಗಿ ಧೈರ್ಯ ಮಾಡಿದರೆ ಐದಾರು ವರ್ಷ ಬಾಳಬೇಕಾದ ಬ್ಯಾಟರಿ ಎರಡೇ ವರ್ಷದಲ್ಲಿ ಸಾಯುತ್ತದೆ. ಮೊದಲನೆಯ ತಪ್ಪಿಗೆ ಬೈಗುಳ ಅಂದೇ ಸಂಜೆ ಬರುತ್ತದೆ. ಎರಡನೆಯದಕ್ಕೆ ನಿಧಾನವಾಗಿ ಬರುತ್ತದೆ. ಆದರೆ ಹೊಸ ಬ್ಯಾಟರಿಯ ಬೆಲೆಯೊಡನೆ ಬರುತ್ತದೆ.

ದಿನಕ್ಕೆ ಹತ್ತು ರೂಪಾಯಿ

ಕರ್ನಾಟಕದಲ್ಲಿ ಬಡವರ ಮನೆಗೆ ಸೌರ ದೀಪ ಮುಟ್ಟಿಸಿದ ಕಥೆಯನ್ನು ಹೇಳಹೊರಟರೆ ಸೆಲ್ಕೋ ಸಂಸ್ಥೆಯ ಹೆಸರು ಮೊದಲು ಬರುತ್ತದೆ. 1995ರಲ್ಲಿ ಹರೀಶ್ ಹಂದೆಯವರು ಅಮೆರಿಕದ ನೆವಿಲ್ ವಿಲಿಯಮ್ಸರೊಡನೆ ಸೇರಿ ಇದನ್ನು ಸ್ಥಾಪಿಸಿದರು. ಖರಗಪುರದ ಐ.ಐ.ಟಿ.ಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಡಾಕ್ಟರೇಟ್ ಪಡೆದ ಹಂದೆಯವರಿಗೆ 2011ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಆ ಹೊತ್ತಿಗೆ ಸೆಲ್ಕೋ ದೀಪ ಹಚ್ಚಿದ ಮನೆಗಳು ಒಂದು ಲಕ್ಷವನ್ನು ಮೀರಿದ್ದವು.

ಹಂದೆಯವರು ಅನೇಕ ಸಭೆಗಳಲ್ಲಿ ಹೇಳಿರುವ ಒಂದು ಪ್ರಸಂಗವುಂಟು. ಬೀದಿಬದಿಯ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 300 ರೂಪಾಯಿ ಕಂತು ಎಂದಾಗ ಅದು ದುಬಾರಿ ಎನಿಸಿತಂತೆ. ದಿನಕ್ಕೆ 10 ರೂಪಾಯಿ ಎಂದಾಗ ಒಪ್ಪಿಗೆಯಾಯಿತಂತೆ. ಲೆಕ್ಕ ಒಂದೇ, ಬದುಕು ಬೇರೆ! ದಿನದ ಗಳಿಕೆಯವರಿಗೆ ತಿಂಗಳು ಎಂಬುದು ಬಲು ದೂರದ ಮಾತು. ಸೆಲ್ಕೋ ಇದನ್ನು ಗ್ರಹಿಸಿ, ಗ್ರಾಮೀಣ ಬ್ಯಾಂಕುಗಳನ್ನು ಒಡಂಬಡಿಸಿ, ಗಿರಾಕಿಯ ಗಳಿಕೆಯ ಕ್ರಮಕ್ಕೆ ತಕ್ಕಂತೆ ಸಾಲದ ಕಂತುಗಳನ್ನು ಏರ್ಪಡಿಸಿತು. ಅಲ್ಲಿ ನಂಬಿಕೆಯನ್ನು ಕಾಯುತ್ತಿದ್ದವರು ಮನುಷ್ಯರು: ಬ್ಯಾಂಕಿನ ಮ್ಯಾನೇಜರು, ಊರಿನ ಏಜೆಂಟು, ಸೈಕಲ್ಲನ್ನೋ ಮೋಟಾರು ಸೈಕಲ್ಲನ್ನೋ ಏರಿ ಬರುವ ರಿಪೇರಿಯ ಹುಡುಗ.

ಕೆಲವು ವರ್ಷಗಳ ತರುವಾಯ ಇದೇ ನಂಬಿಕೆಯ ಒಂದು ಪಾಲನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವೂ ನಮ್ಮ ನಾಡಿನಲ್ಲಿಯೇ ನಡೆಯಿತು. 2011ರ ಸುಮಾರಿಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ತೊಡಗಿದ ಸಿಂಪಾ ನೆಟ್‌ವರ್ಕ್ಸ್ ಎಂಬ ಸಣ್ಣ ಕಂಪನಿ ಸೆಲ್ಕೋದೊಡನೆ ಕೂಡಿ ಕರ್ನಾಟಕದಲ್ಲಿ ತನ್ನ ಮೊದಲ ಪ್ರಯೋಗಗಳನ್ನು ಮಾಡಿತು. ಅದರ ಕ್ರಮ ಹೀಗೆ: ಗಿರಾಕಿಯು ಸ್ವಲ್ಪ ಮುಂಗಡ ಕೊಟ್ಟು ಸೌರ ವ್ಯವಸ್ಥೆಯನ್ನು ಮನೆಗೆ ತರುವುದು. ಆಮೇಲೆ ಕೈಯಲ್ಲಿ ದುಡ್ಡಿದ್ದಾಗ ಕಟ್ಟುವುದು. ಕಟ್ಟಿದೊಡನೆ ಮೊಬೈಲಿಗೆ ಅಂಕಿಗಳ ಒಂದು ಸಾಲು ಬರುವುದು. ಆ ಅಂಕಿಗಳನ್ನು ಪೆಟ್ಟಿಗೆಯ ಗುಂಡಿಗಳ ಮೇಲೆ ಒತ್ತಿದರೆ ಕಟ್ಟಿದ ಹಣಕ್ಕೆ ತಕ್ಕಷ್ಟು ಬೆಳಕು. ಪೂರ್ತಿ ಬೆಲೆ ಸಂದಾಯವಾದ ದಿನ ಬೀಗ ಶಾಶ್ವತವಾಗಿ ತೆರೆದು ವ್ಯವಸ್ಥೆ ಗಿರಾಕಿಯದೇ ಆಗುವುದು. ಈ ಕಂಪನಿ ಮುಂದೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೆಳೆದು, 2018ರಲ್ಲಿ ಫ್ರಾನ್ಸಿನ ಎಂಜಿ ಸಂಸ್ಥೆಯ ಪಾಲಾಯಿತು. ಆಫ್ರಿಕದ ಕೆನ್ಯಾದಲ್ಲಿ ಎಂ-ಕೋಪಾ ಎಂಬ ಕಂಪನಿ 2012ರಿಂದ ಇದೇ ಜಾಡಿನಲ್ಲಿ ನಡೆಯಿತು. ಅಲ್ಲಿ 2007ರಲ್ಲಿಯೇ ಮೊಬೈಲಿನ ಮೂಲಕ ಹಣ ಕಳಿಸುವ ಎಂ-ಪೆಸಾ ಬಂದಿದ್ದುದರಿಂದ ದಿನದಿನದ ಕಂತು ಸುಲಭವಾಯಿತು.

ಅಂಕಿಗಳ ಆ ಸಾಲಿನ ಗುಟ್ಟು ಏನು? ಪ್ರತಿಯೊಂದು ಪೆಟ್ಟಿಗೆಯೊಳಗೂ ಒಂದು ರಹಸ್ಯ ಸಂಖ್ಯೆ ಇರುತ್ತದೆ. ಅದು ಗೊತ್ತಿರುವುದು ಪೆಟ್ಟಿಗೆಗೂ ಕಂಪನಿಯ ಕಂಪ್ಯೂಟರಿಗೂ ಮಾತ್ರ. ಆ ಸಂಖ್ಯೆ, ಇದು ಎಷ್ಟನೆಯ ಪಾವತಿ ಎಂಬ ಎಣಿಕೆ, ಎಷ್ಟು ದಿನದ ಬೆಳಕು ಎಂಬ ಲೆಕ್ಕ—ಈ ಮೂರನ್ನೂ ಗಣಿತದ ಒರಳಿನಲ್ಲಿ ರುಬ್ಬಿ ತೆಗೆದ ಸಾರವೇ ಆ ಅಂಕಿಗಳು. ರುಬ್ಬಿದ ಹಿಟ್ಟನ್ನು ಮತ್ತೆ ಅಕ್ಕಿಯಾಗಿಸಲು ಬಾರದಂತೆ, ಅಂಕಿಗಳನ್ನು ನೋಡಿ ರಹಸ್ಯವನ್ನು ತಿಳಿಯಲು ಬಾರದು. ಪೆಟ್ಟಿಗೆಯೂ ತನ್ನೊಳಗೆ ಅದೇ ಲೆಕ್ಕವನ್ನು ಮಾಡಿ ತಾಳೆ ನೋಡುತ್ತದೆ. ನೆರೆಮನೆಯ ಅಂಕಿ ಈ ಮನೆಗೆ ಹೊಂದದು. ನಿನ್ನೆಯದು ಇಂದಿಗೆ ನಡೆಯದು. ಸಿಗ್ನಲ್ ಸಿಗದ ಊರಿನಲ್ಲಿಯೂ, ಪೆಟ್ಟಿಗೆಗೆ ಹೊರಲೋಕದ ಸಂಪರ್ಕವೇ ಇಲ್ಲದಿದ್ದರೂ ಇದು ಕೆಲಸ ಮಾಡುವುದೇ ಇದರ ಚೆಂದ.

ಎರಡು ತಿಂಗಳ ಪ್ರಶ್ನೆ

ಇಲ್ಲಿಯವರೆಗೆ ಎಲ್ಲವೂ ಗಣಿತ. ಇನ್ನು ಮುಂದಿನದು ಮನುಷ್ಯರ ವಿಷಯ. ಕೇಣಿಯಂಥ ಊರಿನ ಒಂದು ಮನೆಯಲ್ಲಿ ಈ ತರಹದ ಪೆಟ್ಟಿಗೆಯಿದೆ ಎಂದು ಓದುಗರು ಕಲ್ಪಿಸಿಕೊಳ್ಳಲಿ. ಮನೆಯವರಿಗೆ ಊಟ ಹಾಕುವುದು ಯಾಂತ್ರಿಕ ದೋಣಿಯ ಕೂಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿಹಾಕುವ ಕಾಲವೆಂದು, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಇಳಿದರೆ ದಂಡ, ನಿಯಮವಿಲ್ಲದಿದ್ದರೂ ಆ ದಿನಗಳ ಕಡಲೇ ಬಿಡದು. ಗಳಿಕೆ ನಿಲ್ಲುವ ಅದೇ ಎರಡು ತಿಂಗಳಲ್ಲಿ ಶಾಲೆ ತೆರೆಯುತ್ತದೆ. ಪುಸ್ತಕ, ಛತ್ರಿ, ಸಮವಸ್ತ್ರದ ಖರ್ಚು ಬಾಗಿಲಿಗೆ ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಸೂರ್ಯ ಮುಖ ತೋರುವುದು ಅಪರೂಪವಾಗುತ್ತದೆ. ಗಾಳಿಗೆ ಮರ ಬಿದ್ದು ಸರಕಾರಿ ಕರೆಂಟು ಹೋಗುವುದೂ ಆಗಲೇ. ಅಂದರೆ ಸೌರ ದೀಪ ತೀರ ಬೇಕಾದ ಕಾಲ, ಬ್ಯಾಟರಿಗೆ ಬಿಸಿಲು ಸಿಗದ ಕಾಲ, ಕಂತು ಕಟ್ಟಲು ಕಾಸಿಲ್ಲದ ಕಾಲ ಮೂರೂ ಒಂದೇ ಆಗಿ ಕೂಡಿಬರುತ್ತವೆ.

ಬೆಂಗಳೂರಿನಲ್ಲಿ ಬರೆದ ತಂತ್ರಾಂಶದಲ್ಲಿ ಒಂದು ಸಾಲು ಹೀಗಿರುತ್ತದೆ: ಕಂತಿನ ಅವಧಿ ಮುಗಿದರೆ ದೀಪವನ್ನು ಆರಿಸು. ಬರೆದವರು ಕೆಟ್ಟವರಲ್ಲ. ಅವರ ಕಣ್ಣಿಗೆ ಅದು ಕೇವಲ ನಿಯಮ. ತಿಂಗಳಿಗೆ ಒಮ್ಮೆ ಸಂಬಳ ಪಡೆಯುವವರಿಗೆ ಹನ್ನೆರಡು ತಿಂಗಳೂ ಸಮಾನವಾಗಿ ಕಾಣುವುದು ಸಹಜ. ಆದರೆ ಜುಲೈ ತಿಂಗಳ ಒಂದು ಸಂಜೆ ಆ ಒಂದು ಸಾಲು ಜಾರಿಗೆ ಬಂದು ಮನೆ ಕತ್ತಲಾದಾಗ, ಅದು ನಿಯಮವಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. ಸಾಲ ವಸೂಲಿಗೆ ಬಂದ ಮನುಷ್ಯನಾಗಿದ್ದರೆ ಬಾಗಿಲಲ್ಲಿ ನಿಂತು ಮಗುವಿನ ಮುಖ ನೋಡುತ್ತಿದ್ದ, ಒಲೆಯನ್ನು ನೋಡುತ್ತಿದ್ದ, "ಆಗಸ್ಟಿನಲ್ಲಿ ಕೊಡಿ" ಎಂದು ಹಿಂದಿರುಗುತ್ತಿದ್ದ. ಪೆಟ್ಟಿಗೆಗೆ ಕಣ್ಣಿಲ್ಲ. ಕಣ್ಣಿಲ್ಲದ ಪೆಟ್ಟಿಗೆಗೆ ಕಣ್ಣಾಗುವುದೇ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥರ ನಿಜವಾದ ಕೆಲಸ.

ಹಾಗೆಂದು ಔದಾರ್ಯ ಸುಲಭವಲ್ಲ. ಇಂಥ ಮನೆಗಳು ಒಂದು ಸಾವಿರ, ಕಂತು ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಂಡರೆ, ಎರಡು ತಿಂಗಳು ಬಿಟ್ಟರೆ ಬಾರದೆ ನಿಲ್ಲುವ ಹಣ 6 ಲಕ್ಷ. ಹತ್ತಿಪ್ಪತ್ತು ಮಂದಿಯ ಕಂಪನಿಗೆ ಅದು ಸಂಬಳದ ಹಣ. ಬ್ಯಾಂಕು ಮೀನಿನ ಮರಿಗಳಿಗಾಗಿ ಕಾಯುವುದಿಲ್ಲ. ಒಬ್ಬರಿಗೆ ಬಿಟ್ಟರೆ ಕಟ್ಟಬಲ್ಲವರೂ ಕಟ್ಟದೆ ಕೂರುವರೆಂಬ ಅಂಜಿಕೆಯೂ ಹುಸಿಯಲ್ಲ. ಹಣದ ವಿಭಾಗದವರು ಬೀಗ ಬಿಗಿಯಾಗಿರಲಿ ಎನ್ನುತ್ತಾರೆ. ಊರೂರು ತಿರುಗುವವರು ಸಡಿಲವಾಗಿರಲಿ ಎನ್ನುತ್ತಾರೆ. ಇಬ್ಬರೂ ಹೇಳುವುದು ಸತ್ಯ.

ಇಲ್ಲಿ ಕೆಲಸಕ್ಕೆ ಬರುವುದು ಹಳೆಯ 'ದಿನಕ್ಕೆ ಹತ್ತು ರೂಪಾಯಿ'ಯ ಪಾಠವೇ. ವರ್ಷಕ್ಕೆ ಬರಬೇಕಾದುದು 3600 ರೂಪಾಯಿ. ಹನ್ನೆರಡು ತಿಂಗಳು 300ರಂತೆ ತೆಗೆದುಕೊಳ್ಳುವ ಬದಲು ಆಗಸ್ಟಿನಿಂದ ಮೇವರೆಗಿನ ಹತ್ತು ತಿಂಗಳು 360ರಂತೆ ತೆಗೆದುಕೊಂಡರೆ ಮೊತ್ತ ಅಷ್ಟೇ ಆಗುತ್ತದೆ, ಮಳೆಗಾಲದ ಎರಡು ತಿಂಗಳು ಬೀಗದ ಭಯವಿರುವುದಿಲ್ಲ. ಕಾಗದದ ಮೇಲೆ ಇದು ಎರಡು ನಿಮಿಷದ ಗಣಿತ. ತಂತ್ರಾಂಶದಲ್ಲಿ ಇದು ಎರಡು ತಿಂಗಳ ಕೆಲಸವಾಗಬಹುದು. ಏಕೆಂದರೆ ತಿಂಗಳುಗಳೆಲ್ಲ ಸಮಾನವೆಂಬ ಊಹೆ ನೂರಾರು ಕಡೆಗಳಲ್ಲಿ ಹರಡಿಕೊಂಡಿರುತ್ತದೆ. ಆ ಎರಡು ತಿಂಗಳನ್ನು ತನ್ನ ಐದು ಮಂದಿಗೆ ಕೊಡಿಸಬೇಕು, ಹೊಸ ಮೊಬೈಲ್ ಆ್ಯಪಿನ ಸೊಗಸು ಸ್ವಲ್ಪ ಕಾಯಲಿ ಎಂದು ಮಾಲೀಕರನ್ನು ಒಪ್ಪಿಸಬೇಕು. ಮುಖ್ಯಸ್ಥರ ಸಾಮರ್ಥ್ಯ ಪರೀಕ್ಷೆಗೆ ಒಳಗಾಗುವುದು ಅಲ್ಲಿ.

ರೇವಾ ತೋರಿಸಿದ ದಾರಿ

ಬೀಗವಿದ್ದ ಮೇಲೆ ಆಪತ್ಕಾಲದ ಕೈಯೂ ಇರಬೇಕು. ಇದರ ಒಂದು ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲಿಯೇ ಹುಟ್ಟಿತು. ಚೇತನ್ ಮೈನಿಯವರ ರೇವಾ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ಆಟಿಗೆಯೆಂದು ನಕ್ಕವರು ಬಹಳ ಮಂದಿ. ಆ ಕಾರಿನ ಚಾಲಕರನ್ನು ಕಾಡಿದ ಭಯ ಒಂದೇ: ನಡುರಸ್ತೆಯಲ್ಲಿ ಬ್ಯಾಟರಿ ಮುಗಿದರೆ ಗತಿಯೇನು? 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಈ ಸಣ್ಣ ಕಂಪನಿ ರಿವೈವ್ ಎಂಬ ಏರ್ಪಾಡನ್ನು ಪ್ರಕಟಿಸಿತು. ಚಾಲಕರು ಫೋನು ಮಾಡಿದರೆ ಅಥವಾ ಸಂದೇಶ ಕಳಿಸಿದರೆ, ಕಂಪನಿಯವರು ದೂರದಿಂದಲೇ ಬ್ಯಾಟರಿಯಲ್ಲಿ ಕಾದಿರಿಸಿದ ಸ್ವಲ್ಪ ಶಕ್ತಿಯನ್ನು ಬಿಡುಗಡೆ ಮಾಡುತ್ತಾರೆ, ಕಾರು ಮನೆ ಸೇರುತ್ತದೆ. ಬ್ಯಾಟರಿಗೆ ಹೊಸದಾಗಿ ಏನನ್ನೂ ಸೇರಿಸಲಿಲ್ಲ; ಇದ್ದುದನ್ನೇ ಯಾವಾಗ ಕೊಡಬೇಕೆಂಬ ವಿವೇಕವನ್ನು ಸೇರಿಸಿದರು. ಮರುವರ್ಷ, 2010ರಲ್ಲಿ, ಮಹೀಂದ್ರ ಸಂಸ್ಥೆ ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು.

ಮನೆಯ ದೀಪಕ್ಕೂ ಇದೇ ನ್ಯಾಯ ಸಲ್ಲಬಹುದು. ಕಂತು ತಪ್ಪಿದ ಮನೆಯಲ್ಲಿ ಎಲ್ಲ ದೀಪಗಳೂ ಒಮ್ಮೆಲೇ ಆರಬೇಕೆಂದಿಲ್ಲ. ಒಂದು ದೀಪ, ಸಂಜೆಯ ಮೂರು ಗಂಟೆ, ಯಾವ ಕಾರಣಕ್ಕೂ ಆರದಂತೆ ಉಳಿಸಬಹುದು. ಬಾಣಂತಿಯಿರುವ ಮನೆ, ಕಾಯಿಲೆಯವರಿರುವ ಮನೆ, ಬಿರುಗಾಳಿಯ ಎಚ್ಚರಿಕೆ ಬಂದಿರುವ ತಾಲ್ಲೂಕು, ಇಲ್ಲೆಲ್ಲ ಬೀಗವನ್ನು ಕೆಲಕಾಲ ಅಮಾನತಿನಲ್ಲಿಡಬಹುದು. ಇವೆಲ್ಲವೂ ತಂತ್ರಾಂಶದ ಒಂದೊಂದು ಸಾಲು. ಯಾರಾದರೂ ನೆನಪಿಟ್ಟು ಬರೆಯಬೇಕು, ಅಷ್ಟೆ.

ದೂರದಿಂದ ಮಾಡುವ ದುರಸ್ತಿ

ಬರೆದುದರಲ್ಲಿ ತಪ್ಪು ನುಸುಳಿದರೆ? ನುಸುಳದಿರುವುದೇ ಇಲ್ಲ. ಪೆಟ್ಟಿಗೆಯ ಗಡಿಯಾರವನ್ನೇ ನೋಡಬಹುದು. ಅದರೊಳಗಿನ ಹರಳು ಹತ್ತು ಲಕ್ಷ ಸೆಕೆಂಡಿಗೆ ಇಪ್ಪತ್ತು ಸೆಕೆಂಡಿನಷ್ಟು ತಪ್ಪಿದರೆ ವರ್ಷಕ್ಕೆ ಹತ್ತು ನಿಮಿಷಕ್ಕೂ ಮಿಕ್ಕಿದ ವ್ಯತ್ಯಾಸ ಬೀಳುತ್ತದೆ. ಮಾಡಿನ ಕೆಳಗಿನ ಸೆಖೆಗೆ ಅದು ಇನ್ನೂ ಹೆಚ್ಚು. ಬ್ಯಾಟರಿ ಪೂರ್ತಿ ಬರಿದಾಗಿ ಗಡಿಯಾರವೇ ನಿಂತು ಮತ್ತೆ ಹೊರಟರಂತೂ ಪೆಟ್ಟಿಗೆಗೆ ಇಂದು ಯಾವ ದಿನವೆಂಬುದೇ ತಿಳಿಯದು. ಆಗ ಮನೆಯಾಕೆ ಫೋನಿನಲ್ಲಿ, "ತಮ್ಮಾ, ದುಡ್ಡು ಕಟ್ಟಿ ಎರಡು ದಿವಸ ಆಯ್ತು, ದೀಪ ಮಾತ್ರ ಹತ್ತೂದಿಲ್ಲ" ಎಂದರೆ, ಅತ್ತಲಿಂದ ಬರುವ ಉತ್ತರ "ಅಕ್ಕ, ನಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದೆ" ಎಂದಾಗಬಾರದು. ಲೆಕ್ಕಕ್ಕೂ ದೀಪಕ್ಕೂ ವ್ಯಾಜ್ಯ ಬಂದಾಗ ದೀಪದ ಪಕ್ಷವನ್ನು ವಹಿಸತಕ್ಕದ್ದು. ಸಂದೇಹದ ಲಾಭ ಮನೆಯವರಿಗೆ ಸಲ್ಲಬೇಕೆಂಬ ನಿಯಮವನ್ನು ಮೊದಲೇ ಬರೆದಿಟ್ಟ ಕಂಪನಿಗೆ ಫೋನುಗಳೂ ಕಡಿಮೆ ಬರುತ್ತವೆ.

ತಪ್ಪನ್ನು ತಿದ್ದಿದ ಹೊಸ ಆವೃತ್ತಿಯನ್ನು ಸಿಮ್ ಇರುವ ಪೆಟ್ಟಿಗೆಗಳಿಗೆ ಗಾಳಿಯ ಮೂಲಕವೇ ಕಳಿಸಬಹುದು. ಆದರೆ ಇದು ನಡುಗಡಲಲ್ಲಿ ದೋಣಿಯ ಹಲಗೆ ಬದಲಿಸಿದಂತೆ. ಅರ್ಧದಲ್ಲಿ ಸಿಗ್ನಲ್ ಹೋದರೆ, ಬ್ಯಾಟರಿ ಬರಿದಾದರೆ, ಪೆಟ್ಟಿಗೆ ಹಳೆಯದೂ ಅಲ್ಲ ಹೊಸದೂ ಅಲ್ಲ ಎಂಬಂತಾಗಿ ಕಲ್ಲಾಗಿ ಕೂರುತ್ತದೆ. ಬೆಂಗಳೂರಿನ ಕಂಪ್ಯೂಟರಾದರೆ ಆರಿಸಿ ಹೊತ್ತಿಸಿದರೆ ಮುಗಿಯಿತು. ಇಲ್ಲಿ ಒಬ್ಬ ಮನುಷ್ಯ ಬಸ್ಸು ಹತ್ತಿ ಮಳೆಯಲ್ಲಿ ಹೋಗಬೇಕು. ಆದುದರಿಂದ ತಿಳಿದವರು ಪೆಟ್ಟಿಗೆಯ ನೆನಪಿನಲ್ಲಿ ಎರಡು ಕೋಣೆಗಳನ್ನಿಡುತ್ತಾರೆ. ಹಳೆಯದು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹೊಸದು ಇನ್ನೊಂದರಲ್ಲಿ ಪೂರ್ತಿ ಇಳಿದು ಪರೀಕ್ಷೆಯಾಗುತ್ತದೆ. ಹೊಸದು ಎಡವಿದರೆ ಪೆಟ್ಟಿಗೆ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಮೊದಲ ದಿನ ಹತ್ತು ಮನೆಗಳಿಗೆ, ಒಂದು ವಾರ ಕಾದು ನೂರಕ್ಕೆ, ಆಮೇಲೆ ಉಳಿದುದಕ್ಕೆ. ಅದೂ ಬೆಳಗಿನ ಹೊತ್ತು; ಸಂಜೆ ದೀಪ ಹಚ್ಚುವ ಸಮಯಕ್ಕೆಂದೂ ಅಲ್ಲ. ಈ ತಾಳ್ಮೆಯನ್ನು ಇಪ್ಪತ್ತೈದರ ಹರೆಯದ ಚುರುಕು ಹುಡುಗ ಹುಡುಗಿಯರಿಗೆ ಕಲಿಸುವುದೂ ಮುಖ್ಯಸ್ಥರ ಹೊಣೆಯೇ. ದೊಡ್ಡ ಕಂಪನಿಗಳ ಸಂಬಳವನ್ನು ಇಲ್ಲಿ ಕೊಡಲು ಬಾರದು. ಬದಲಿಗೆ ಕೊಡಬಹುದಾದುದೆಂದರೆ ತಾವು ಬರೆದ ಸಾಲು ಯಾರ ಮನೆಯಲ್ಲಿ ಬೆಳಗುತ್ತಿದೆಯೆಂದು ಕಣ್ಣಾರೆ ನೋಡುವ ಅವಕಾಶ. ವರ್ಷಕ್ಕೆ ಒಂದು ವಾರ, ಅದರಲ್ಲಿಯೂ ಜುಲೈಯಲ್ಲಿ, ಬರೆಯುವವರನ್ನು ಊರುಗಳಿಗೆ ಕಳಿಸುವ ಪದ್ಧತಿ ಯಾವ ತರಬೇತಿಗೂ ಕಡಿಮೆಯದಲ್ಲ.

ಇನ್ನೆರಡು ಹೊಣೆಗಳಿವೆ. ದೀಪ ಎಷ್ಟು ಗಂಟೆಗೆ ಹತ್ತಿತು, ಎಷ್ಟಕ್ಕೆ ಆರಿತು ಎಂಬ ವಿವರ ಕಂಪನಿಗೆ ಮುಟ್ಟುತ್ತದೆ. ಮನೆಯವರು ಯಾವಾಗ ಮಲಗುತ್ತಾರೆ, ಯಾವ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದನ್ನು ಅದರಿಂದ ಊಹಿಸಬಹುದು. ಬೇಡದ ವಿವರವನ್ನು ಸಂಗ್ರಹಿಸದಿರುವುದೇ ಅದನ್ನು ಕಾಯುವ ಅತ್ಯುತ್ತಮ ಉಪಾಯ. ಎರಡನೆಯದು, ಸಣ್ಣ ಕಂಪನಿಗಳು ಮುಚ್ಚುವುದೂ ಉಂಟು. ಬಾಗಿಲು ಹಾಕಿದ ಕಂಪನಿಯ ಬೀಗಗಳನ್ನು ಯಾರು ತೆರೆಯಬೇಕು? ಅರ್ಧ ಹಣ ಕಟ್ಟಿದ ಮನೆಯ ಪೆಟ್ಟಿಗೆ ಎಂದೆಂದಿಗೂ ಕತ್ತಲಾಗಿ ಉಳಿಯಬೇಕೆ? ಕೊನೆಯ ಬಾಗಿಲು ಮುಚ್ಚುವ ಮೊದಲು ಎಲ್ಲ ಬೀಗಗಳನ್ನೂ ತೆರೆಯುವ ಅಥವಾ ಬೇರೆಯವರಿಗೆ ಕೈಯನ್ನು ಒಪ್ಪಿಸುವ ಏರ್ಪಾಡು ಮೊದಲ ದಿನವೇ ಆಗಿರಬೇಕು. ಅಂಕಿಗಳ ಬೀಗದ ಗಣಿತವನ್ನು ಯಾರು ಬೇಕಾದರೂ ಬಳಸುವಂತೆ ಬಹಿರಂಗವಾಗಿ ಪ್ರಕಟಿಸಿದ ಓಪನ್‌ಪೇಗೋ ಎಂಬ ಪ್ರಯತ್ನ ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಹೆಜ್ಜೆ.

ಪೇಟೆಯ ಮನೆಗೂ ಬಂದ ಮಾತು

ಇದೆಲ್ಲ ಕಡಲಂಚಿನ ಮನೆಗಳ ವಿಷಯ, ಪೇಟೆಯಲ್ಲಿರುವವರಿಗೆ ಸಂಬಂಧಿಸಿದ್ದಲ್ಲ ಎಂದು ಯಾರಾದರೂ ಭಾವಿಸಿದರೆ ಅದು ಸರಿಯಾಗದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕೋಟಿ ಮನೆಗಳ ಮೇಲೆ ಸೌರ ಫಲಕಗಳನ್ನು ಏರಿಸುವ ಗುರಿಯಿದೆ. 3 ಕಿಲೋವಾಟಿನ ವ್ಯವಸ್ಥೆಗೆ 78,000 ರೂಪಾಯಿಯವರೆಗೆ ಸಹಾಯಧನವುಂಟು. ಹೀಗಾಗಿ ಹುಬ್ಬಳ್ಳಿಯ, ಮೈಸೂರಿನ, ಬೆಂಗಳೂರಿನ ತಾರಸಿಗಳ ಮೇಲೂ ಫಲಕಗಳು ಬರುತ್ತಿವೆ. ಕೆಳಗೆ ಗೋಡೆಯ ಮೇಲೆ ಇನ್ವರ್ಟರ್ ಎಂಬ ಪೆಟ್ಟಿಗೆ, ಕೈಯಲ್ಲಿ ಅದರ ಆ್ಯಪ್. ಅದಕ್ಕೂ ಬುದ್ಧಿ ಹೇಳಿಕೊಡುವವರು ದೂರದಲ್ಲೆಲ್ಲೋ ಇದ್ದಾರೆ.

ದೊಡ್ಡ ಪ್ರಮಾಣದಲ್ಲಿಯೂ ಇದೇ ಕಥೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯ ಮೇಲೆ 2050 ಮೆಗಾವಾಟಿನ ಸೌರ ಪಾರ್ಕು ಹಬ್ಬಿದೆ. ಒಂದು ಮೋಡ ಅದರ ಮೇಲೆ ಹಾದುಹೋದರೆ ರಾಜ್ಯದ ವಿದ್ಯುತ್ ಜಾಲಕ್ಕೆ ಅದರ ಅರಿವಾಗುತ್ತದೆ. ದಿನವನ್ನು ಹದಿನೈದು ನಿಮಿಷಗಳ 96 ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ವಿದ್ಯುತ್ ಕೊಡುವೆವೆಂದು ಉತ್ಪಾದಕರು ಮುಂಚೆಯೇ ತಿಳಿಸಬೇಕೆಂದೂ, ಅಂದಾಜು ಬಹಳ ತಪ್ಪಿದರೆ ದಂಡ ತೆರಬೇಕೆಂದೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲಿಯೇ ನಿಯಮ ಮಾಡಿತು. ಮೋಡದ ನಡೆಯನ್ನು ಊಹಿಸುವ ತಂತ್ರಾಂಶವನ್ನು ಬರೆಯುವುದೇ ಈಗ ಕೆಲವು ಕಂಪನಿಗಳ ಕಸುಬು.

ಆದುದರಿಂದ ಮನೆಗೆ ಸೌರ ಪೆಟ್ಟಿಗೆಯನ್ನು ತರುವವರು ಫಲಕದ ಬೆಲೆಯನ್ನೂ ಬ್ಯಾಟರಿಯ ವಾಯಿದೆಯನ್ನೂ ಕೇಳಿದ ಮೇಲೆ ಇನ್ನು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳಿತು. ಇಂಟರ್ನೆಟ್ ಇಲ್ಲದ ದಿನವೂ ಇದು ಕೆಲಸ ಮಾಡುವುದೇ? ದೂರದಿಂದ ಇದನ್ನು ಆರಿಸುವ ಅಧಿಕಾರ ಯಾರಿಗಿದೆ, ಯಾವ ಸಂದರ್ಭದಲ್ಲಿ? ಮನೆಯ ಬಳಕೆಯ ವಿವರ ಯಾರ ಕೈಗೆ ಹೋಗುತ್ತದೆ? ಕಂಪನಿ ಇಲ್ಲವಾದರೆ ಪೆಟ್ಟಿಗೆಯ ಗತಿಯೇನು? ಮಾರುವವರು ಉತ್ತರಿಸಲು ತಡವರಿಸಬಹುದು. ತಡವರಿಸಿದರೂ ಚಿಂತೆಯಿಲ್ಲ, ಪ್ರಶ್ನೆ ಅವರ ಮೂಲಕ ಬರೆಯುವವರಿಗೆ ಮುಟ್ಟುತ್ತದೆ. ಹತ್ತು ಮನೆಗಳವರು ಕೇಳಿದ ಪ್ರಶ್ನೆ ಹನ್ನೊಂದನೆಯ ಮನೆಗೆ ನಿಯಮವಾಗಿ ಬರುತ್ತದೆ.

ಮಕ್ಕಳು ಇಂಥ ಸಣ್ಣ ಕಂಪನಿಗೆ ಸೇರುತ್ತೇವೆಂದಾಗ ಹೆತ್ತವರು ಅಳುಕುವುದು ಸ್ವಾಭಾವಿಕ. ಸಂಬಳ ಕಡಿಮೆ, ಭರವಸೆ ಕಡಿಮೆ, ಮದುವೆಯ ಮಾರುಕಟ್ಟೆಯಲ್ಲಿ ಹೆಸರೂ ಕಡಿಮೆ. ಆದರೆ ಯಂತ್ರಗಳು ಮನೆಯೊಳಗೆ ಬಂದು ಕುಳಿತು ಮನೆಯವರ ಪರವಾಗಿಯೋ ವಿರುದ್ಧವಾಗಿಯೋ ತೀರ್ಮಾನಿಸುವ ಕಾಲ ಇದು. ಅವುಗಳ ಒಳಗಿನ ನಿಯಮವನ್ನು ಬರೆಯುವ ಕೈಗಳಲ್ಲಿ ಮಳೆಗಾಲದ ಎರಡು ತಿಂಗಳ ಅರ್ಥ ತಿಳಿದ ಒಂದು ಕೈ ಇದ್ದರೆ, ಆ ಕೈ ಅಂಕೋಲೆಯ ಕಡೆಯ ಒಬ್ಬ ತಾಯಿಯ ಮಗನದೋ ಮಗಳದೋ ಆಗಿದ್ದರೆ, ಅದಕ್ಕಿಂತ ಹೆಚ್ಚಿನ ಅರ್ಹತೆಯನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಾರದು. ಬೀಗ ಮಾಡಬಲ್ಲವರು ಬಹಳ ಮಂದಿ. ಅದನ್ನು ಯಾವ ರಾತ್ರಿ ಹಾಕಬಾರದೆಂದು ಬಲ್ಲವರು ಬೇಕಾಗಿದ್ದಾರೆ.